ಕಟಕಟೆಯ ನಡುವೆ ಒಂದು ಬಾಗಿಲು

ರಸಿಕ ಓದುಗನೇ, ಶ್ರಾವಣದ ಮುಂಜಾನೆಯ ಹುಮನಾಬಾದನ್ನು ನೀನು ಕಂಡಿರುವೆಯಾ? ಇರುಳೆಲ್ಲ ಸುರಿದ ಸೋನೆಗೆ ಕಪ್ಪುನೆಲವಿನ್ನೂ ಉಗಿಯುಸಿರು ಬಿಡುತ್ತಿರುತ್ತದೆ. ತೊಗರಿಯ ಎಳೆಯೆಲೆಗಳ ತುದಿಯಲ್ಲಿ ಬಾಲಸೂರ್ಯನ ಕಿರಣ ಮುತ್ತಾಗಿ ತೂಗುತ್ತದೆ. ಹಳೆಯ ಚರ್ಚಿನ ಬಣ್ಣದ ಗಾಜಿನಿಂದಿಳಿದ ಬೆಳಕು ಶುಭ್ರವಸ್ತ್ರ ಹೊದ್ದ ವೇದಿಯನ್ನು ಸವರಿ, ಮೆಟ್ಟಿಲಿಳಿದು, ಅದರ ಮುಂದಿನ ತೇಗದ ಕಟಕಟೆಗೆ ಹಣೆಯಿಟ್ಟು ನಿಲ್ಲುತ್ತದೆ... ಆಹಾ!

ತಿಂಗಳ ಮೊದಲ ಭಾನುವಾರ ಕರ್ತನ ಭೋಜನ. ರೊಟ್ಟಿ-ದ್ರಾಕ್ಷಾರಸಕ್ಕಾಗಿ ಗಂಡಸರು ಎಡದಿಂದ, ಹೆಂಗಸರು ಬಲದಿಂದ ಬಂದು ಆ ಕಟಕಟೆಗೆ ಮೊಣಕಾಲೂರುತ್ತಾರೆ. ಎರಡೂ ಸಾಲಿನ ಮೊದಲಿಗರು ನಟ್ಟನಡುವೆ, ಶಿಲುಬೆಯ ನೇರಕ್ಕೆ, ಮಗ್ಗುಲಾಗುತ್ತಾರೆ. ಗಂಡಸರಲ್ಲಿ ಮೊದಲಿಗ ಸದಾ ಬಡಗಿ ದೇವಕುಮಾರ. ಹೆಂಗಸರಲ್ಲಿ ಮೊದಲಿಗಳು ಸದಾ ಪಕ್ಕದ ಹುಡಗಿ ಎಂಬ ಊರಿನ ಹುಡುಗಿ ವರ್ಷಾ. ಅದು ಬರಿಯ ಆಕಸ್ಮಿಕವೆಂದು ಇಬ್ಬರೂ ಬಹುಕಾಲದಿಂದ ನಟಿಸುತ್ತಿದ್ದರು! ಹೆಸರು ವರ್ಷಾ, ದರ್ಶನ ಮಾತ್ರ ಮಾಸಿಕ. ಅವನೋ ಬಸವಕಲ್ಯಾಣದಲ್ಲಿ ದುಡಿದೂ ಕಲ್ಯಾಣವಾಗದವನು.

ಬೀದರ ಬಸ್ಸಿನ ಕಂಡಕ್ಟರನ ಕೂಗು, ಅವನು ದುಡಿಯುವ ಕಾರ್ಖಾನೆಯ ಒಡೆಯ ಅಬ್ದುಲ್ ಕರೀಮರ ಗದರಿಕೆ, ಚರ್ಚಿನ ಸಭಾಪಾಲಕರ ಕೆಮ್ಮು... ಅಣಕಿಸಲು ನಿಂತರೆ ಎಲ್ಲವೂ ಅವನ ಕೊರಳಲ್ಲಿದ್ದವು. ವರ್ಷಾಳೆದುರು ಮಾತ್ರ ಅವೆಲ್ಲ ಬಿಸಿಲಿಗೆ ಸಿಕ್ಕ ಮಂಜಾಗಿ, ಉಳಿದ ಅವನದೇ ದನಿಯೊಂದು ಹೊರಬರಲು ಅಂಜುತ್ತಿತ್ತು.

ಹೀಗಿರಲು ಸಭೆಯ ಹಿರಿಯ ಸಿದ್ದಪ್ಪ ಅವನಿಗೇ ಕೆಲಸವೊಪ್ಪಿಸಿದ: "ಕಟಕಟಿ ನಡುವಿಂದು ಕೊಯ್ದು ತೆಗಿಯಪ್ಪಾ. ವೇದಿ ಬಯಲಿಗೆ ಬಿದ್ದು ಚಂದ ಕಾಣ್ಲಿ. ಗಂಡಸರು ಆ ಕಡಿ, ಹೆಂಗಸರು ಈ ಕಡಿ."

ಶನಿವಾರ ಗರಗಸ ಹಿಡಿದು ಕುಳಿತಾಗ, ಅವರಿಬ್ಬರ ಮೊಣಕೈಗಳು ಸವೆಸಿದ ನುಣುಪು ಅವನ ಬೆರಳಿಗೆ ತಾಗಿತು. ಅಷ್ಟರಲ್ಲಿ ಒಗೆದ ವೇದಿವಸ್ತ್ರ ಹೊತ್ತು ವರ್ಷಾ ಬಂದಳು.

"ಕೊಯ್ಯಾಕತ್ತೀರೇನ್ರಿ?"

ಅವನು ಸಿದ್ದಪ್ಪನ ದನಿಯಲ್ಲಿ ಗೊಗ್ಗರಿಸಿದ: "ಗಂಡಸರು ಆ ಕಡಿ, ಹೆಂಗಸರು ಈ ಕಡಿ. ನಡುವ ಗಾಳಿ ಆಡ್ಲಿ ಬೇ!"

ಅವಳು ನಕ್ಕಳು, ಮಳೆಬಿಲ್ಲಿನಂತೆ ಆ ನಗು ಬೇಗನೆ ಅಳಿಯಿತು.

"ಮಂದಿ ದನಿ ಎಲ್ಲಾ ತೆಗೀತೀರಿ. ನಿಮ್ದು ಯಾವಾಗ? ಮನ್ಯಾಗ ವರ ನೋಡಾಕತ್ತಾರ. ನಾ ಇಲ್ಲಿತನಕ ಬರೋದು ಬಸ್ ಫ್ರೀ ಅದಂತ ತಿಳ್ದೀರೇನ್ರಿ?"

ಉತ್ತರಕ್ಕೆ ಕಾಯದೆ, ವೇದಿಯ ಮೇಲೆ ವಸ್ತ್ರ ಹಾಸಿ ಹೊರಟುಹೋದಳು. ಅವನು ಕಟಕಟೆಯನ್ನು ಕೊಯ್ದ. ಆದರೆ ತುಂಡನ್ನು ಎಸೆಯಲಿಲ್ಲ.

ಮರುದಿನ ಸಭೆ ನೆರೆದಾಗ, ಆ ತುಂಡೇ ಕಟಕಟೆಯ ನಡುವೆ ಬಾಗಿಲಾಗಿ ತೆರೆದು ನಿಂತದ್ದು ಕಂಡು ಸಿದ್ದಪ್ಪನ ಹುಬ್ಬು ಹಣೆಗೇರಿತು. "ಏನೋ ಇದು? ತೆಗಿ ಅಂದ್ರ ಬಾಗಿಲಾ ಹಚ್ಚೀದಿ?"

ದೇವಕುಮಾರ ಎದ್ದುನಿಂತ. ಕಂಡಕ್ಟರ, ಕರೀಂ ಸಾಹೇಬ, ಸಭಾಪಾಲಕ, ಎಲ್ಲರೂ ಅವನ ಗಂಟಲ ಬಾಗಿಲಿಗೆ ನುಗ್ಗಿಬಂದರು. ಅವರನ್ನೆಲ್ಲ ನುಂಗಿಕೊಂಡ. ಆಮೇಲೆ ಬಂದದ್ದು ಸಣ್ಣ, ತುಸು ಒಡಕಾದ, ಅದುವರೆಗೆ ಯಾರೂ ಕೇಳಿರದ ದನಿ.

"ತೆರದ್ರ ವೇದಿ ಕಾಣ್ತದ್ರಿ ಕಾಕಾ. ಭೋಜನದ ಹೊತ್ತಿಗೆ ಮುಚ್ಚಿದ್ರ... ವರ್ಷಾನ ಬಾಜೂಕ ಮೊಣಕಾಲೂರಬೇಕಂತೀನ್ರಿ. ಜಲ್ಮಪೂರ್ತಿ. ಬಾಗಿಲಾ ತಿರುಗೋ ಬಿಜಾಗರಿ ಅಷ್ಟ ನನ್ನ ಕಡಿ ಅದ. ಚಿಲಕ ಅವರ ಕಡಿ ಇಟ್ಟೀನಿ. ಹಾಕೋದು ಬಿಡೋದು ಅವರಿಗೆ ಬಿಟ್ಟದ್ದು."

ಬೀಸಣಿಗೆಗಳು ನಿಂತವು. ವರ್ಷಾಳ ತಾಯಿ ಮಾಣಿಕಮ್ಮ ಮಗಳ ಮುಖ ನೋಡಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಂದಳು: "ನನ್ನೇನ್ ನೋಡ್ತಿ? ಚಿಲಕ ನಿನ್ನ ಕಡಿ ಅದಂತಲ್ಲ!"

ವರ್ಷಾ ಎದ್ದಳು. ಬಣ್ಣದ ಬೆಳಕಿನಲ್ಲಿ ತೊಯ್ದು, ತೊರೆಯಂತೆ ಮೆಲ್ಲಗೆ ಮುಂದೆ ಹರಿದಳು. ಬಾಗಿಲನ್ನು ಎಳೆದು ಮುಚ್ಚಿದಳು... ಟಕ್! ಚಿಲಕ ಬಿದ್ದಿತು. ಅಲ್ಲಿಯೇ ಮೊಣಕಾಲೂರಿ, ಮಗ್ಗುಲಲ್ಲಿ ಒಬ್ಬನಿಗೆ ಸ್ಥಳ ಬಿಟ್ಟಳು.

"ಇರ್ಲಿ ಬಿಡು," ಸಿದ್ದಪ್ಪ ಮೂಗೊರೆಸಿಕೊಂಡ, "ಪ್ರಾರ್ಥನಾದಾಗ ಕಿರ್ ಅನ್ನಬಾರ್ದು ಅಷ್ಟ."

ಓದುಗನೇ, ಪವಿತ್ರವಾದುದರ ಸುತ್ತ ಮನುಷ್ಯ ಕಟಕಟೆ ಕಟ್ಟುವುದು ದೂರವಿಡಲಿಕ್ಕೆಂದು ನಾವು ಭಾವಿಸುತ್ತೇವೆ. ಇರಬಹುದು. ಆದರೆ ತುಂಬಿದ ಎದೆಯೊಂದು ಬಂದು ಒರಗಲು ಒಂದು ಅಂಚು ಬೇಡವೇ? ಆ ಅಂಚಿನಲ್ಲಿ ಬಾಗಿದವರಿಗೆ, ಅಳುಕುತ್ತ ತನ್ನದೇ ದನಿಯಲ್ಲಿ ನುಡಿದ ಒಂದು ಮಾತೂ ನೈವೇದ್ಯವೇ ಅಲ್ಲವೇ!