ಕೆರೆದು ನೋಡಿ ಡಾಕ್ಟ್ರೇ

ಬಾಳೂರು ಕಡೆಯ ತೋಟದಲ್ಲಿ ಒಡತಿ ಶಂಕರಮ್ಮ ಬಂದರೆಂದರೆ ಕಾಫಿ ಗಿಡಗಳೂ ನೆಟ್ಟಗೆ ನಿಲ್ಲುತ್ತವೆ ಎಂದು ಆಳುಗಳು ನಗುತ್ತಿದ್ದರು. ಕಾಂಡ ಕೊರೆಯುವ ಬೋರರ್ ಹುಳು ಹೊಕ್ಕ ಗಿಡ ಕಣ್ಣಿಗೆ ಬಿದ್ದರೆ ಮುಗಿಯಿತು, ಬುಡಸಮೇತ ಕೀಳಿಸಿ ಅಲ್ಲೇ ಸುಡಿಸುವರು. ಒಣಗಿದಂತೆ ಕಂಡ ಗಿಡಕ್ಕೆ ಮಾತ್ರ ಒಂದು ಅವಕಾಶ. ಹೆಬ್ಬೆರಳಿನ ಉಗುರಿನಿಂದ ತೊಗಟೆ ಕೆರೆಯುವರು. ಒಳಗೆ ಹಸಿರು ಕಂಡರೆ ಬದುಕಿಕೊಂಡಿತು, ಕೆರೆದ ಗಾಯಕ್ಕೆ ಔಷಧದ ಪೇಸ್ಟ್ ಹಚ್ಚಿ ಬಿಡುವರು.

ಇಂಥ ಅಜ್ಜಿಯ ಮೊಮ್ಮಗಳು, ಒಂಬತ್ತು ವರ್ಷದ ಸೌಂದರ್ಯ, ಕಾಫಿ ಒಣಗಿಸುವ ಕಣದಲ್ಲಿ ಜಾರಿ ಬಿದ್ದು ಮುಂದಿನ ಹಲ್ಲು ಮುರಿದುಕೊಂಡಳು. ನೋವೇ ಇಲ್ಲ ಎಂದಳು, ಮನೆಯವರು ನಂಬಿದರು. ಒಸಡಿನ ಮೇಲೆ ಕೀವುಗುಳ್ಳೆ ಎದ್ದ ದಿನ ಕಳ್ಳಾಟ ಬಯಲಾಯಿತು. ಶಂಕರಮ್ಮ ಅವಳನ್ನು ಜೀಪಿಗೆ ಹತ್ತಿಸಿ, ಮೂಡಿಗೆರೆಯ ಹಲ್ಲಿನ ಡಾಕ್ಟರ್ ರೂಪಶ್ರೀ ಮುಂದೆ ತಂದು ಕೂರಿಸಿದರು.

“ಕಿತ್ತುಬಿಡಿ ಡಾಕ್ಟ್ರೇ. ಪಕ್ಕದ ಹಲ್ಲಿಗೂ ಹಬ್ಬೀತು.”

“ಇದು ಹಾಲುಹಲ್ಲಲ್ಲ ಅಮ್ಮಾ, ಕಿತ್ರೆ ಇನ್ನೊಂದು ಬರಲ್ಲ.” ರೂಪಶ್ರೀ ಎಕ್ಸ್‌ರೇ ತೋರಿಸಿದರು. “ಬೇರು ಇನ್ನೂ ಪೂರ್ತಿ ಬೆಳೆದಿಲ್ಲ, ತುದಿ ಮುಚ್ಚಿಲ್ಲ. ಒಳಗಿನ ನರ ಕೊಳೆತಿದೆ, ನಿಜ. ಆದ್ರೆ ತುದೀಲಿರೋ ಎಳೆ ಭಾಗಕ್ಕೆ ರಕ್ತ ಚೆನ್ನಾಗಿ ಸಿಗುತ್ತೆ. ಇಷ್ಟು ಕೀವಿದ್ರೂ ಅದು ಬದುಕಿರಬಹುದು. ಬದುಕಿದ್ರೆ ಬೇರು ಮುಂದಕ್ಕೂ ಬೆಳೀಬಹುದು.”

“ಇರಬಹುದು ಅಂದ್ರೆ? ಕಣ್ಣಲ್ಲಿ ಕಂಡಿದೀರಾ?”

“ಎಕ್ಸ್‌ರೇಲಿ ಅದು ಕಾಣಲ್ಲ.”

“ಕಾಣದ್ದನ್ನ ನಂಬ್ಕೊಂಡು ನಾನು ಒಂದು ಗಿಡಾನೂ ಇಟ್ಕೊಂಡವಳಲ್ಲ.” ಅಷ್ಟಕ್ಕೆ ಬಿಡದೆ ಮೊಮ್ಮಗಳತ್ತ ತಿರುಗಿದರು. “ನಿಂಗೂ ಬುದ್ಧಿ ಬೇಡ್ವೇನೇ? ನೋಯ್ತಿದ್ರೆ ಹೇಳೋದಲ್ವಾ?”

“ಹೇಳಿದ್ರೆ ನೀನು ಕಿತ್ತು ಸುಟ್ಬಿಡ್ತೀಯಲ್ಲ, ಅಜ್ಜಿ.”

ಶಂಕರಮ್ಮ ಊರೆಲ್ಲ ತನಗೆ ಹೆದರಲಿ ಎಂದು ಬಾಳಿದ ಹೆಂಗಸು. ಮಗುವೂ ಹೆದರಿ ನೋವು ನುಂಗಿತ್ತಲ್ಲ ಎಂದು ನಾಚಿಕೆಯಾಯಿತು. ಸೆರಗಿನ ತುದಿ ತಿರುಚುತ್ತ ಡಾಕ್ಟರತ್ತ ತಿರುಗಿದರು.

“ಹಾಗಾದ್ರೆ ಕೆರೆದು ನೋಡಿ ಡಾಕ್ಟ್ರೇ,” ಎಂದರು.

ರೂಪಶ್ರೀಗೆ ನಗು ಬಂತು. “ನಾವು ಮಾಡೋದೂ ಅದನ್ನೇ ಅಮ್ಮಾ. ಈಗ ತೊಳೆದು ಔಷಧಿ ಇಡ್ತೀನಿ. ಕೀವು ಹೋದ್ಮೇಲೆ ಕೆರೆಯೋಣ, ರಕ್ತ ಜಿನುಗಿದ್ರೆ ಬದುಕಿದೆ ಅಂತ.”

ಆಮೇಲಿನ ಮೂರು ವಾರ ತೋಟದಲ್ಲಿ ಒಂದು ಗಿಡವೂ ಬೀಳಲಿಲ್ಲ. ಮೇಸ್ತ್ರಿ ಭೂತಯ್ಯ ಬೋರರ್ ಗಿಡಗಳ ಮಾತೆತ್ತಿದಾಗಲೆಲ್ಲ ಶಂಕರಮ್ಮ, “ನಾಳೆ ನೋಡೋಣ ಮಾರಾಯ,” ಎನ್ನುವರು. ಅಮ್ಮಾವ್ರಿಗೆ ಜ್ವರವಿರಬೇಕೆಂದು ಭೂತಯ್ಯ ಮನೆಯಲ್ಲಿ ಹೇಳಿದ. ದಿನಾ ಬೆಳಗ್ಗೆ ಕಾಫಿಗೂ ಮೊದಲು ಮೊಮ್ಮಗಳ ತುಟಿ ಎತ್ತಿ ನೋಡುವುದೇ ಅಜ್ಜಿಯ ಪೂಜೆಯಾಯಿತು. ಗುಳ್ಳೆ ಇಳಿಯಿತು.

ಮತ್ತೆ ಕುರ್ಚಿ. ರೂಪಶ್ರೀ ಮದ್ದು ಚುಚ್ಚಿ ಜೋಮು ಹಿಡಿಸಿದರು, ತೆಳ್ಳಗಿನ ಸೂಜಿಯನ್ನು ಹಲ್ಲಿನೊಳಗೆ ಇಳಿಸಿ ಬೇರಿನ ತುದಿಯಾಚೆ ಮೆಲ್ಲಗೆ ಕೆರೆದರು. ಶಂಕರಮ್ಮ ಡಾಕ್ಟರ ಭುಜದ ಮೇಲೇ ಬಗ್ಗಿದ್ದರು. ಮೊದಲು ಏನೂ ಇಲ್ಲ. ದೇವರೇ, ಇದೊಂದು ಉಳಿಸಿಕೊಡು ಎಂದುಕೊಂಡರು. ಆಮೇಲೆ ಹಲ್ಲಿನ ಆಳದಿಂದ ರಕ್ತ ಸಣ್ಣಗೆ ಜಿನುಗಿ ಮೇಲೆ ಬಂತು.

“ನೋಡಿ ಅಮ್ಮಾ. ಅಲ್ಲಿ ಜೀವ ಇದೆ.”

ಸೌಂದರ್ಯ ಬಾಯಿ ತುಂಬ ಹತ್ತಿ ಇಟ್ಟುಕೊಂಡೇ ತೊದಲಿದಳು. “ಅಜ್ಜಿ, ಸುಡಲ್ಲ ತಾನೇ?”

ಶಂಕರಮ್ಮನ ಕಣ್ಣಲ್ಲಿ ನೀರು ದಳದಳ ಇಳಿಯಿತು. ಸೆರಗಿನಿಂದ ಮೂಗು ಒರೆಸಿಕೊಂಡು, ಅತ್ತುಬಿಟ್ಟೆನಲ್ಲ ಎಂಬ ಸಿಟ್ಟನ್ನೆಲ್ಲ ಡಾಕ್ಟರ ಮೇಲೆ ತೀರಿಸಿಕೊಂಡರು.

“ನನ್ನ ಮುಖ ಏನ್ ನೋಡ್ತೀರಿ? ಕೆರೆದ ಗಾಯಕ್ಕೆ ಬೇಗ ಪೇಸ್ಟ್ ಹಚ್ಚಿ.”