ಮಂಜಿನಲ್ಲಿ ಕೂಗಿದ ಹೆಸರು

ಭರಮಪ್ಪನಿಗೆ ಕೆಮ್ಮು ಹತ್ತಿದ್ದು ದೀಪಾವಳಿಗೆ ಮುಂಚೆ. ದೀಪಾವಳಿ ಹೋಯಿತು, ಕೆಮ್ಮು ಹೋಗಲಿಲ್ಲ. ಇಚಲಕರಂಜಿಯ ಮಗ್ಗದ ಶೆಡ್ಡುಗಳಲ್ಲಿ ಕೆಮ್ಮುವವರು ಬೇಕಾದಷ್ಟು ಜನ ಇದ್ದುದರಿಂದ ಮೊದಮೊದಲು ಯಾರೂ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಮಗ್ಗಗಳ ಸದ್ದನ್ನೂ ಮೀರಿ ಅವನ ಕೆಮ್ಮು ಕೇಳತೊಡಗಿದಾಗ ಮಾಲೀಕರಾದ ಬಾಪೂಸಾಹೇಬರು ಅವನನ್ನು ಡಾಕ್ಟರ ಹತ್ತಿರ ಕಳಿಸಿದರು. ಡಾಕ್ಟರು ಬೆನ್ನು ತಟ್ಟಿ ನೋಡಿದರು. ಎದೆಯಲ್ಲಿ ಅರಳೆಯ ಧೂಳು ಕೂತಿದೆ, ಚಳಿಗಾಲ ಮುಗಿಯುವತನಕ ಒಳ್ಳೆ ಗಾಳಿ ಇರುವ ಕಡೆ ಹೋಗಿ ಇರು ಎಂದರು.

"ಒಳ್ಳೆ ಗಾಳಿ ಎಲ್ಲಿ ಸಿಗತೈತ್ರಿ?" ಎಂದು ಭರಮಪ್ಪ ಕೇಳಿದ.

"ಈ ಊರು ಬಿಟ್ಟು ಎಲ್ಲಾ ಕಡೆ" ಎಂದರು ಡಾಕ್ಟರು.

ಅದು ಅರವತ್ತಮೂರನೇ ಇಸವಿಯ ಮಾತು. ಬಾಪೂಸಾಹೇಬರ ಅಕ್ಕ ಸೋನಾಬಾಯಿ ಕುರುಂದವಾಡದಲ್ಲಿದ್ದರು. ಗಂಡ ತೀರಿಕೊಂಡ ಮೇಲೆ ಕೃಷ್ಣೆಯ ದಂಡೆಯ ಹೊಲವನ್ನು ಅವರೇ ನೋಡಿಕೊಳ್ಳುತ್ತಿದ್ದರು. ಹೊಲ ಕಾಯುತ್ತಿದ್ದ ಆಳು ಬಿಟ್ಟುಹೋಗಿದ್ದ. ಜೋಳ ಹೊಡೆ ಹಾಯ್ದು ತೆನೆ ಕಟ್ಟುವ ಹೊತ್ತಿಗೆ ಹಕ್ಕಿ ಓಡಿಸಲು ಒಬ್ಬರು ಬೇಕಾಗಿತ್ತು. ಹೊಲದಲ್ಲಿ ಒಂದು ಗುಡಿಸಲಿತ್ತು, ಗಾಳಿಯಂತೂ ಇದ್ದೇ ಇತ್ತು. ಹೀಗೆ ಭರಮಪ್ಪ ಹೆಂಡತಿ ಮಲಕವ್ವನನ್ನು ಕರೆದುಕೊಂಡು, ಒಂದು ಟ್ರಂಕು, ಒಂದು ಕವದಿ ಮತ್ತು ಅಡಿಗೆ ಪಾತ್ರೆಗಳ ಗಂಟಿನೊಂದಿಗೆ ಕುರುಂದವಾಡದ ಬಸ್ಸು ಹತ್ತಿದ.

ಕವದಿ ಒಂದೇ ಇದ್ದದ್ದಕ್ಕೆ ಕಾರಣವಿತ್ತು. ರಬಕವಿ ಕಡೆಯಿಂದ ಮದುವೆಯಾದ ಹೊಸದರಲ್ಲೇ ಬಂದವರು ಅವರು. ಬಂದಂದಿನಿಂದ ಭರಮಪ್ಪನದು ರಾತ್ರಿ ಪಾಳಿ. ಮಲಕವ್ವ ಬೇರೊಂದು ಶೆಡ್ಡಿನಲ್ಲಿ ಹಗಲು ಪಾಳಿಯಲ್ಲಿ ಲಾಳಿಗೆ ಹಾಕುವ ನೂಲಿನ ಕಂಡಿಕಿ ಸುತ್ತುತ್ತಿದ್ದಳು. ಬೆಳಿಗ್ಗೆ ಅವನು ಬರುವಾಗ ಅವಳು ಹೊರಡುತ್ತಿದ್ದಳು, ಸಂಜೆ ಅವಳು ಬರುವಾಗ ಅವನು ಹೊರಡುತ್ತಿದ್ದ. "ರೊಟ್ಟಿ ಬುಟ್ಟ್ಯಾಗ ಅದಾವ್ರಿ", "ನೀರ ತುಂಬಿಟ್ಟೇನಿ", ಇಂಥವು ಬಾಗಿಲಲ್ಲಿ ಎದುರಾದಾಗ ಆಡುವ ಮಾತುಗಳು. ಒಬ್ಬರು ಎದ್ದ ಹಾಸಿಗೆಯಲ್ಲಿ ಇನ್ನೊಬ್ಬರು ಮಲಗುತ್ತಿದ್ದುದರಿಂದ ಇಬ್ಬರಿಗೂ ತಣ್ಣನೆಯ ಹಾಸಿಗೆ ಎಂಬುದೇ ಗೊತ್ತಿರಲಿಲ್ಲ. ವಾರದ ರಜೆಯ ದಿನ ಇಬ್ಬರೂ ದಣಿದು ಮಲಗಿರುತ್ತಿದ್ದರು. ಅಷ್ಟರಲ್ಲೇ ಚೆನ್ನವ್ವ ಎಂಬ ಒಬ್ಬ ಮಗಳು ಹುಟ್ಟಿ, ಬೆಳೆದು, ಗಡಹಿಂಗ್ಲಜಕ್ಕೆ ಮದುವೆಯಾಗಿ ಹೋಗಿದ್ದಳು.

ಹೊಲದ ಗುಡಿಸಲಿನಲ್ಲಿ ಮೊದಲ ರಾತ್ರಿ ಭರಮಪ್ಪನಿಗೆ ನಿದ್ದೆ ಬರಲಿಲ್ಲ. ಬಾಳೆಲ್ಲ ಮಗ್ಗದ ಸದ್ದಿನಲ್ಲಿ, ಮಗ್ಗದ ಶೆಡ್ಡಿಗೆ ಅಂಟಿದ ಖೋಲಿಯಲ್ಲಿ ಕಳೆದವನಿಗೆ ಈ ಹೊಲದ ಸದ್ದಿಲ್ಲದಿರುವಿಕೆ ಯಾರೋ ಬಾಗಿಲ ಹೊರಗೆ ಉಸಿರು ಬಿಗಿಹಿಡಿದು ನಿಂತಂತೆ ಅನ್ನಿಸಿತು. ಕವದಿ ಇಬ್ಬರಿಗೆ ಸಾಲುತ್ತಿರಲಿಲ್ಲ. ಅವನು ಎಳೆದರೆ ಅವಳ ಬೆನ್ನು ಹೊರಗೆ, ಅವಳು ಎಳೆದರೆ ಅವನ ಕಾಲು ಹೊರಗೆ. ಹೊಳೆಯ ಮೇಲಿನ ಗಾಳಿ ಗೋಡೆಯ ಸಂದಿಯಿಂದ ಒಳಗೆ ಬಂದು ಯಾರದು ಹೊರಗಿದೆ ಎಂದು ಹುಡುಕುತ್ತಿತ್ತು.

ಬೆಳಿಗ್ಗೆ ಮಲಕವ್ವ ಹೇಳಿದಳು, "ನೀವು ಭಾಳ ಗೊರಕಿ ಹೊಡೀತೀರಿ."

"ನಿದ್ದೀನ ಬಂದಿಲ್ಲ ನನಗ."

"ಹಂಗಾರ ಎಚ್ಚರಿದ್ದs ಗೊರಕಿ ಹೊಡೀತೀರಿ."

ಇಚಲಕರಂಜಿಯಲ್ಲಾಗಿದ್ದರೆ ಇಷ್ಟು ಮಾತಿಗೇ ಒಬ್ಬರು ಹೊರಟಿರುತ್ತಿದ್ದರು. ಇಲ್ಲಿ ಹೊರಡುವುದಕ್ಕೆ ಇಬ್ಬರಿಗೂ ಪಾಳಿ ಇರಲಿಲ್ಲ. ಭರಮಪ್ಪ ಎದ್ದು ಹೊರಗೆ ಬಂದು ಜೋಳದ ಹೊಲವನ್ನು ನೋಡುತ್ತ ನಿಂತ. ನೋಡುವಂಥದ್ದು ಅದರಲ್ಲಿ ಏನಿದೆ ಎಂದು ಅವನಿಗೆ ಅರ್ಥವಾಗಲಿಲ್ಲ. ಜೋಳವೂ ಅವನನ್ನು ನೋಡುತ್ತ ನಿಂತಿತ್ತು.

ಮಲಕವ್ವನಿಗೆ ಮಾತ್ರ ಕೆಲಸ ಸಿಕ್ಕಿತು. ಗೋಡೆಯ ಸಂದಿಗಳಿಗೆ ಹೊಳೆಯ ಮಣ್ಣು ಮೆತ್ತಿದಳು. ನೆಲ ಸಾರಿಸಿದಳು. ಮೂಲೆಯಲ್ಲಿ ಒಲೆ ಹಾಕಿದಳು. ಸೋನಾಬಾಯಿ ಹೊಲ ನೋಡಲು ಬಂದವರು ಗುಡಿಸಲೊಳಗೆ ಇಣುಕಿ, "ಇದು ನಮ್ಮ ಗುಡಿಸಲs ಹೌದೇನ?" ಎಂದು ಕೇಳಿ, ಮರುದಿನ ಹಳೆಯ ಸೀರೆಗಳ ಒಂದು ಗಂಟು ಕಳಿಸಿಕೊಟ್ಟರು. ಮಲಕವ್ವ ಆ ಸೀರೆಗಳನ್ನು ಮಡಿಸಿ, ಬಿಸಿಲಲ್ಲಿ ಕಾಲು ಚಾಚಿ ಕೂತು, ಕವದಿಯನ್ನು ಅಗಲ ಮಾಡತೊಡಗಿದಳು. ಅವಳು ಹಗಲಲ್ಲಿ ಬಿಸಿಲಿಗೆ ಕೂತದ್ದನ್ನು ಭರಮಪ್ಪ ಅದೇ ಮೊದಲು ನೋಡಿದ್ದು. ಅವಳ ಕಿವಿಯ ಹತ್ತಿರ ಒಂದಿಷ್ಟು ಕೂದಲು ಬೆಳ್ಳಗಾಗಿದ್ದವು. ಯಾವಾಗ ಆದವು ಎಂದು ಕೇಳೋಣವೆಂದುಕೊಂಡ. ಅದು ತನಗೇ ಗೊತ್ತಿರಬೇಕಾದ ಸಂಗತಿ ಅನ್ನಿಸಿ, ಸೂಜಿಗೆ ದಾರ ಪೋಣಿಸಿ ಕೊಟ್ಟ.

ಅವನ ಕೆಲಸ ಹೊಲದ ನಡುವೆ ಕಟ್ಟಿದ ಅಟ್ಟಣಿಗೆ ಹತ್ತಿ ಕವಣೆ ಬೀಸಿ ಗಿಳಿ ಓಡಿಸುವುದು. ಕವಣೆಯ ಕಲ್ಲು ಮುಂದೆ ಹೋಗುವ ಬದಲು ಹಿಂದೆ ಹೋಯಿತು. ಮಲಕವ್ವ ಕವದಿ ಎತ್ತಿಕೊಂಡು ಸ್ವಲ್ಪ ದೂರ ಹೋಗಿ ಕೂತಳು. ಭರಮಪ್ಪ ಕವಣೆ ಬಿಟ್ಟು ಬಾಯಿಯಿಂದ ಕೂಗಿದ. ಮಗ್ಗದ ಸದ್ದಿನ ಮೇಲೆ ಮಾತಾಡಿ ರೂಢಿಯಾದ ಗಂಟಲು ಅದು. ಗಿಳಿಗಳು ಒಮ್ಮೆಲೇ ಎದ್ದು ಹೊಳೆ ದಾಟಿದವು. ಆಮೇಲೆ ಅವನಿಗೆ ಕವಣೆಯ ಅಗತ್ಯ ಬೀಳಲಿಲ್ಲ. ಆದರೆ ಅವನಿಗೆ ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ. ಪಲ್ಯಕ್ಕೆ ಉಪ್ಪು ಕಡಿಮೆ ಎಂದು ಅವನು ಹೇಳಿದರೆ ಅದು ಸುತ್ತಲಿನ ಹೊಲಗಳವರಿಗೆಲ್ಲ ತಿಳಿಯುತ್ತಿತ್ತು. ಹೊಳೆಗೆ ಬಟ್ಟೆ ಒಗೆಯಲು ಬಂದ ಹೆಂಗಸರು ಮಲಕವ್ವನಿಗೆ, "ಇವತ್ತ ಉಪ್ಪ ಸರಿ ಹಾಕೀಯಿಲ್ಲವಾ?" ಎಂದು ಕೇಳುತ್ತಿದ್ದರು. ಅವಳು ಸಿಟ್ಟಾಗದೆ ಹೌದು ಎನ್ನುತ್ತಿದ್ದಳು.

ಗಡಹಿಂಗ್ಲಜದಿಂದ ಚೆನ್ನವ್ವ ಅಪ್ಪನಿಗೆ ಒಂದು ಕಂಬಳಿ ಹಿಡಿದುಕೊಂಡು ಬಂದಳು. ಅಪ್ಪ ಹಾಸಿಗೆ ಹಿಡಿದಿರುತ್ತಾನೆ ಎಂದುಕೊಂಡು ಅಳುವುದಕ್ಕೆ ಸಿದ್ಧಳಾಗಿ ಬಂದಿದ್ದಳು. ಅಪ್ಪ, ಅವ್ವ ಇಬ್ಬರೂ ಗುಡಿಸಲಿನ ಮುಂದೆ ಬಿಸಿಲಿಗೆ ಕೂತು, ಬಳ್ಳಿಯಿಂದ ಹರಿದ ಅವರೆಕಾಯಿ ಬಿಡಿಸುತ್ತಿದ್ದರು. ಚೆನ್ನವ್ವ ಕಂಬಳಿ ಕೆಳಗಿಡದೆ ಒಮ್ಮೆ ಅಪ್ಪನನ್ನು, ಒಮ್ಮೆ ಅವ್ವನನ್ನು ನೋಡಿದಳು.

"ಏನ ನೋಡ್ತೀ?" ಎಂದಳು ಮಲಕವ್ವ.

"ನೀವಿಬ್ಬರೂ ಒಂದs ಹೊತ್ತಿನಾಗ ಎಚ್ಚರಿದ್ದದ್ದು ನಾ ನೋಡಿರ್ಲಿಲ್ಲ."

"ಡಾಕ್ಟರು ಹೇಳ್ಯಾರ" ಎಂದ ಭರಮಪ್ಪ.

ಮಗಳು ಎರಡು ದಿನ ಇದ್ದು ಹೋದಳು. ಆಮೇಲೆ ಚಳಿ ನಿಜವಾಗಿ ಬಿತ್ತು. ಬೆಳಿಗ್ಗೆ ಕೃಷ್ಣೆಯಿಂದ ಮಂಜು ಎದ್ದು ಹೊಲದ ಮೇಲೆ ಬಂದು ಕೂರುತ್ತಿತ್ತು. ಬಿಸಿಲು ಏರಿದ ಮೇಲೂ ಅದು ಎದ್ದು ಹೋಗಲು ಅವಸರ ಮಾಡುತ್ತಿರಲಿಲ್ಲ. ಮಲಕವ್ವ ಒಲೆಯ ಕೆಂಡವನ್ನು ಒಂದು ಒಡಕು ಬೋಗುಣಿಯಲ್ಲಿ ತುಂಬಿ ಗಂಡನ ಮುಂದಿಡುತ್ತಿದ್ದಳು. ಅವನು ಕೈ ಕಾಸಿಕೊಳ್ಳುತ್ತ, ಅವಳು ರೊಟ್ಟಿ ಬಡಿಯುವುದನ್ನು ಕೇಳುತ್ತ ಕೂತಿರುತ್ತಿದ್ದ. ಆ ಸದ್ದು ಒಂದೇ ಅಳತೆಯಲ್ಲಿ ಬರುತ್ತಿತ್ತು. ಅದನ್ನು ಕೇಳುತ್ತ ಕೂತಲ್ಲೇ ಅವನಿಗೆ ಮತ್ತೆ ಜೊಂಪು ಹತ್ತುತ್ತಿತ್ತು.

ಸಂಕ್ರಾಂತಿಗೆ ಮುಂಚಿನ ಒಂದು ಬೆಳಿಗ್ಗೆ ಭರಮಪ್ಪ ತಂಬಿಗೆ ಹಿಡಿದು ಹೊಳೆಯ ಕಡೆ ಹೋದ. ಹೋಗುವಾಗ ದಾರಿ ಕಾಣುತ್ತಿತ್ತು. ತಿರುಗಿ ಬರುವಾಗ ತಂಬಿಗೆ ಹಿಡಿದ ಕೈಯೇ ಅವನಿಗೆ ಕಾಣಲಿಲ್ಲ. ಸ್ವಲ್ಪ ನಡೆದ. ಜೋಳದ ದಂಟು ಸಿಗಬೇಕಾದಲ್ಲಿ ಬರೀ ಹುಲ್ಲು ಸಿಕ್ಕಿತು. ಎಡಕ್ಕೆ ಹೊರಳಿದ. ಎಡದಲ್ಲಿ ನೀರಿನ ಸದ್ದು ಕೇಳಿತು. ಬಲಕ್ಕೆ ಹೊರಳಿದ. ಅಲ್ಲಿಯೂ ನೀರಿನ ಸದ್ದು. ಹೊಲದ ಒಂದು ಬದಿಗೆ ದಂಡೆಯನ್ನು ಹಿಂದಿನ ಮಳೆಗಾಲದ ಮಹಾಪೂರ ಕೊರೆದುಕೊಂಡು ಹೋಗಿತ್ತು, ಕೆಳಗೆ ಎರಡಾಳು ಆಳದ ದರಿ. ಅದು ಭರಮಪ್ಪನಿಗೆ ಗೊತ್ತಿತ್ತು. ಎಲ್ಲಿ ಎಂಬುದು ಮಾತ್ರ ಈಗ ಗೊತ್ತಾಗುತ್ತಿರಲಿಲ್ಲ. ಅವನು ಯೋಚನೆ ಮಾಡಿ, ನಿಂತಲ್ಲೇ ಕೆಳಗೆ ಕೂತ.

ಹುಲ್ಲು ಒದ್ದೆಯಾಗಿತ್ತು. ಕೂಗೋಣವೆಂದರೆ, ತಂಬಿಗೆ ತೆಗೆದುಕೊಂಡು ಹೋದವನು ದಾರಿ ತಪ್ಪಿದ್ದೇನೆ ಎಂದು ಊರಿಗೆಲ್ಲ ಕೇಳುವಂತೆ ಕೂಗುವುದು ಅವನಿಗೆ ಸರಿ ಕಾಣಲಿಲ್ಲ. ಕೆಮ್ಮಿದರೆ ಹೆಂಡತಿಗೆ ಗುರುತು ಹತ್ತೀತು ಎಂದುಕೊಂಡ. ದೀಪಾವಳಿಯಿಂದ ಬಿಡದೆ ಕಾಡಿದ ಕೆಮ್ಮು ಆ ಹೊತ್ತಿಗೆ ಬರಲೊಲ್ಲದು. ಬೇಕೆಂದೇ ಕೆಮ್ಮಿ ನೋಡಿದ. ಯಾರೋ ಮರ್ಯಾದಸ್ಥರು ಬಾಗಿಲಲ್ಲಿ ನಿಂತು ಮಾಡುವಂಥ ಸಣ್ಣ ಸದ್ದು ಬಂತು, ಅಷ್ಟೇ.

ಇತ್ತ ಗುಡಿಸಲಿನ ಬಾಗಿಲಲ್ಲಿ ಮಲಕವ್ವ ಬಹಳ ಹೊತ್ತು ಕಾದಳು. ಆಮೇಲೆ ಕೂಗಿದಳು.

"ಏನ್ರೀ!"

ಮಂಜಿನೊಳಗಿಂದ ಒಂದು ಗಂಡು ದನಿ, "ಏನs?" ಎಂದಿತು. ಅದು ಪಕ್ಕದ ಹೊಲದವನದು. ಮಲಕವ್ವ ಸ್ವಲ್ಪ ಬೇರೆ ಕಡೆ ಮುಖ ಮಾಡಿ ಮತ್ತೆ ಕೂಗಿದಳು. ಅಲ್ಲಿಂದ ಇನ್ನೊಬ್ಬ, "ಬಂದೆ ತಡೀ" ಎಂದ. ಆ ಹೊತ್ತಿಗೆ ಹೊಳೆದಂಡೆಯಲ್ಲಿದ್ದ ಗಂಡಸರೆಲ್ಲ ಯಾರೋ ಒಬ್ಬಳ ಏನ್ರೀ ಆಗಿದ್ದರು. ಭರಮಪ್ಪನಿಗೂ ಕೂಗು ಕೇಳಿತ್ತು. ಆದರೆ ಮಂಜಿನಲ್ಲಿ ದನಿಯ ಗುರುತು ಹತ್ತಲಿಲ್ಲ. ಮಂದಿ ಆಗಲೇ ಓಗೊಟ್ಟಿದ್ದರಿಂದ, ಯಾರದೋ ಹೆಂಡತಿಗೆ ತಾನೂ ಓಗೊಡುವುದು ಒಳ್ಳೆಯದಲ್ಲವೆಂದು ಸುಮ್ಮನೆ ಕೂತಿದ್ದ.

ಮಲಕವ್ವ "ಚೆನ್ನಿ ಅಪ್ಪಾ!" ಎಂದು ಕೂಗಿದಳು. ಚೆನ್ನಿ ಎಂಬ ಮಗಳು ಆ ಊರಲ್ಲಿ ಇನ್ನೂ ಇಬ್ಬರಿಗೋ ಮೂವರಿಗೋ ಇದ್ದಳು. ಅವರೂ ಓಗೊಟ್ಟರು, ಕೂಗು ಅವರಿಗೇ ಇರಬೇಕು ಎಂದುಕೊಂಡ ಭರಮಪ್ಪ.

ಇನ್ನು ಉಳಿದದ್ದು ಒಂದೇ. ಅದನ್ನು ಅವಳು ಮದುವೆಯಲ್ಲಿ ಒಗಟಿನೊಳಗೆ ಅಡಗಿಸಿ ಒಮ್ಮೆ ಹೇಳಿದ್ದು ಬಿಟ್ಟರೆ ಬಾಯಿಂದ ಹೊರಗೆ ತಂದವಳಲ್ಲ. ಗಂಡನ ಹೆಸರು ಹಿಡಿದು ಕರೆದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಅವಳ ತವರಲ್ಲಿ ಎಲ್ಲರೂ ನಂಬಿದ್ದರು. ಮೊದಲೇ ಎದೆಯ ಕಾಯಿಲೆಯ ಮನುಷ್ಯ. ಆದರೆ ಅತ್ತ ದರಿ ಇತ್ತು. ಕರೆದರೆ ಎಂದೋ ಆಗುವ ಕೇಡು, ಕರೆಯದಿದ್ದರೆ ಈಗಲೇ ಆಗಬಹುದಾದ ಕೇಡು, ಎರಡನ್ನೂ ಅವಳು ತೂಗಿ ನೋಡಿದಳು. ಸೆರಗು ಸರಿಮಾಡಿಕೊಂಡಳು.

"ಭರಮಪ್ಪಾ!"

ಹೊಳೆದಂಡೆ ಪೂರ್ತಿ ಸುಮ್ಮನಾಯಿತು.

"ಏ ಭರಮಪ್ಪಾ! ಎಲ್ಲದೀರಿ?"

ಭರಮಪ್ಪ ಕೂತಲ್ಲಿಂದ ಎದ್ದು ನಿಂತ. ಆ ದನಿ ತನ್ನನ್ನು ಹೆಸರು ಹಿಡಿದು ಕರೆದದ್ದನ್ನು ಅವನು ಕೇಳಿದ್ದು ಅದೇ ಮೊದಲು. ಯಾವ ಕಡೆಯಿಂದ ಬಂತು ಎಂಬ ಬಗ್ಗೆ ಅವನಿಗೆ ಸಂಶಯವೇ ಉಳಿಯಲಿಲ್ಲ. "ಇಲ್ಲೇ ಅದೇನಿ" ಎಂದು ಎಂದಿನ ದನಿಯಲ್ಲಿ ಹೇಳಿದ. ಅವಳು ಕರೆಯುತ್ತ ಹೋದಳು, ಅವನು ನಡೆಯುತ್ತ ಬಂದ. ಮಂಜಿನಿಂದ ಮೊದಲು ತಂಬಿಗೆ, ಆಮೇಲೆ ಅವನು ಹೊರಗೆ ಬಂದ.

"ಹೆಸರ ಹಿಡದ ಕರದಿ" ಎಂದ.

"ಹೂಂ."

ಅವನು ಒಳಗೆ ಹೋಗಿ ಕೆಂಡದ ಮುಂದೆ ಕೂತ. ಅವಳು ಒಣಗಿದ ಧೋತರ ಕೊಟ್ಟು, ಕಾಲ ಮೇಲೆ ಕವದಿ ಹೊದಿಸಿದಳು. ಬೋಗುಣಿಗೆ ಬೇಕಾದದ್ದಕ್ಕಿಂತ ಹೆಚ್ಚು ಕೆಂಡ ತುಂಬಿದಳು. ಚಳಿ ಎಂದಳು.

ಮುಂದಿನ ಕೆಲವು ದಿನ ಮಲಕವ್ವ ಗಂಡನನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದಳು. ಬೆಳಿಗ್ಗೆ ಎದ್ದ ಕೂಡಲೆ "ಹ್ಯಾಂಗದೀರಿ?" ಎಂದು ಕೇಳುತ್ತಿದ್ದಳು. ಅವನು ಚೆನ್ನಾಗಿದ್ದೇನೆ ಎಂದರೆ ನಂಬುತ್ತಿರಲಿಲ್ಲ. ಹೀಗೆ ಕೇಳಿಸಿಕೊಂಡು ಕೇಳಿಸಿಕೊಂಡು ಭರಮಪ್ಪನಿಗೂ ಒಳಗೊಳಗೇ ಹೆದರಿಕೆಯಾಯಿತು. ಆದರೆ ಹಸಿವು ಹೆಚ್ಚಾಗಿತ್ತು. ಭೋಗಿಯ ದಿನ ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಬದನೆಕಾಯಿ ಪಲ್ಯ, ಬೆಣ್ಣೆ ಎಲ್ಲ ಬಡಿಸಿಕೊಂಡು ಉಂಡ. ಅಟ್ಟಣಿಗೆಯನ್ನು ಏದುಸಿರಿಲ್ಲದೆ ಹತ್ತಿದ.

ಮಲಕವ್ವ ತಡೆಯಲಾರದೆ ಸೋನಾಬಾಯಿಯವರ ಹತ್ತಿರ ಹೋಗಿ ನಡೆದದ್ದನ್ನು ಹೇಳಿದಳು.

"ಕರದಿ. ಬಂದ್ನೋ ಇಲ್ಲೋ?" ಎಂದು ಸೋನಾಬಾಯಿ ಕೇಳಿದರು.

"ಬಂದರ್ರೀ ಅಕ್ಕಾರ."

"ಮತ್ತೇನ?"

"ಆಯುಷ್ಯ..."

ಸೋನಾಬಾಯಿ ಹೆಸರುಬೇಳೆ ಹಸನು ಮಾಡುತ್ತಿದ್ದರು. ಕೈ ನಿಲ್ಲಿಸದೆ ಹೇಳಿದರು, "ನಾ ನಮ್ಮವರ ಹೆಸರ ಒಂದ ದಿನ ಹಿಡೀಲಿಲ್ಲ. ಅವರು ನಲವತ್ತಕ್ಕs ಹೋದರು. ಹೆಸರಿನ ಮ್ಯಾಲ ಏನೂ ಇರೂದಿಲ್ಲ, ಹೋಗ."

ಮಲಕವ್ವ ಮನೆಗೆ ಬಂದು ಅರ್ಧ ನಂಬಿದಳು. ಉಳಿದರ್ಧಕ್ಕೆ ಒಂದು ತೆಂಗಿನಕಾಯಿ ಒಡೆದಳು.

ಒಂದು ಸಂಜೆ ಭರಮಪ್ಪ ಹಾಲುಗಾಳಿನ ಜೋಳದ ತೆನೆ ಮುರಿದು ತಂದು, ಕೆಂಡದಲ್ಲಿ ಸುಟ್ಟು, ಸೀತೆನಿ ಮಾಡಿದ. ಬಿಸಿ ತೆನೆಯನ್ನು ಅಂಗೈಯಲ್ಲಿ ತಿಕ್ಕಿ ಕಾಳು ಬಿಡಿಸಿ ಹೆಂಡತಿಯ ಮುಂದೆ ಹಾಕಿದ. ಹೊಳೆಯಾಚೆ ಹೊತ್ತು ಮುಳುಗುತ್ತಿತ್ತು. ಬೆಳ್ಳಕ್ಕಿಗಳು ಸಾಲಾಗಿ ಗಿಡಕ್ಕೆ ಮರಳುತ್ತಿದ್ದವು. ಅವನು ಅವುಗಳನ್ನು ಕೂಗಿ ಓಡಿಸಲಿಲ್ಲ. ಅವು ಜೋಳ ತಿನ್ನುವುದಿಲ್ಲ ಎಂದು ಈಗ ಅವನಿಗೆ ತಿಳಿದಿತ್ತು.

"ಇನ್ನೊಮ್ಮೆ ಕರಿ" ಎಂದ. ಆಶ್ಚರ್ಯವೆಂದರೆ ಮೆಲ್ಲಗೆ ಹೇಳಿದ. ಪಕ್ಕದ ಹೊಲದವರಿಗೆ ಕೇಳಲಿಲ್ಲ.

"ಏನಂತ?"

"ಅವತ್ತ ಕರದಿದ್ದಿ ನೋಡ, ಹಂಗ."

ಮಲಕವ್ವ ಶೇಂಗಾ ಚಟ್ನಿಯಲ್ಲಿ ಕಾಳು ಹೊರಳಿಸಿ ಬಾಯಿಗೆ ಹಾಕಿಕೊಂಡು, ನಿಧಾನವಾಗಿ ಜಗಿದು ನುಂಗಿದಳು.

"ಮಂಜ ಬೀಳಲಿ" ಎಂದಳು.

ಆ ವರ್ಷ ಮತ್ತೆ ಅಷ್ಟು ಮಂಜು ಬೀಳಲಿಲ್ಲ. ಜೋಳ ಕೊಯ್ಲಿಗೆ ಬಂತು, ಚಳಿ ಹೋಯಿತು, ಅವರಿಬ್ಬರೂ ಇಚಲಕರಂಜಿಗೆ ಮರಳಿದರು. ಡಾಕ್ಟರು ಎದೆಗೆ ಕಿವಿಗೊಟ್ಟು, ಕೆಲಸಕ್ಕೆ ಹೋಗಲು ಅಡ್ಡಿಯಿಲ್ಲ, ಆದರೆ ಬಾಗಿಲ ಹತ್ತಿರದ ಮಗ್ಗ ಹಿಡಿ, ಮೂಗಿಗೆ ಅರಿವೆ ಕಟ್ಟಿಕೋ ಎಂದರು. ಭರಮಪ್ಪ ನೆಟ್ಟಗೆ ಬಾಪೂಸಾಹೇಬರ ಹತ್ತಿರ ಹೋದ.

"ನನಗ ಹಗಲ ಪಾಳಿ ಬೇಕ್ರಿ."

ಬಾಪೂಸಾಹೇಬರು ಅವನನ್ನು ನೋಡಿದರು. "ಇಷ್ಟ ವರ್ಷ ರಾತ್ರಿ ಪಾಳೀನs ಮಾಡೀದಿ. ಏನ ತಕರಾರಾತು?"

"ತಕರಾರಿಲ್ರಿ. ಸಂಜೀಕ ಮನ್ಯಾಗ ಮಂದಿ ಇರ್ತಾರ."

"ಯಾರು ಬಂದಾರ?"

"ನಮ್ಮ ಮಲಕವ್ವ" ಎಂದ ಭರಮಪ್ಪ.

ಬಾಪೂಸಾಹೇಬರು ಮುಂದೆ ಏನೂ ಕೇಳದೆ ಹಗಲು ಪಾಳಿ ಕೊಟ್ಟರು. ಮೊದಲ ದಿನ ಕೆಲಸ ಬಿಟ್ಟ ಮೇಲೆ ಇಬ್ಬರೂ ಕೂಡಿ ಸಂಜೆಯ ಪೇಟೆಗೆ ಹೋದರು. ದೀಪ ಹಚ್ಚಿದ ಪೇಟೆಯನ್ನು ಭರಮಪ್ಪ ಅಷ್ಟು ಸಮೀಪದಿಂದ ನೋಡಿಯೇ ಇರಲಿಲ್ಲ. ಕಾಯಿಪಲ್ಯದವರು ಎಲ್ಲಿ ಕೂರುತ್ತಾರೆ ಎಂಬುದು ಅವನಿಗೆ ಗೊತ್ತಿರಲಿಲ್ಲ. ಹೆಂಡತಿಯ ಹಿಂದೆ ಹಿಂದೆ ಹೋದ. ಒಂದು ಬುಟ್ಟಿಯ ಮುಂದೆ ನಿಂತು, ಮೆಂತ್ಯವನ್ನೂ ಹರಿವೆಯನ್ನೂ ಎಲ್ಲವನ್ನೂ ಕೈಯಲ್ಲಿ ಎತ್ತಿ ಎತ್ತಿ ನೋಡುತ್ತಿದ್ದ ಅವನನ್ನು ಕಂಡು ಮಾರುವ ಮುದುಕಿ ಮಲಕವ್ವನನ್ನು ಕೇಳಿದಳು, "ಊರಿಗೆ ಹೊಸದಾಗಿ ಬಂದೀರೇನ ಬಾಯಿ?"

ಮಲಕವ್ವ ಉತ್ತರ ಹೇಳುವ ಮೊದಲೇ ಭರಮಪ್ಪ, "ಹೌದ್ರಿ, ಹೊಸಬರು" ಎಂದ.

ಮುದುಕಿ ಒಂದು ಹಿಡಿ ಕೊತ್ತಂಬರಿ ಹೆಚ್ಚಿಗೆ ಹಾಕಿದಳು.