ಬೋಜಪ್ಪ ಓಡಿಸಿದ ಡರ್ಬಿ

ಕೊಡಗು ತನ್ನದೇ ಮಂತ್ರಿಗಳನ್ನಿಟ್ಟುಕೊಂಡು ಪ್ರತ್ಯೇಕ ರಾಜ್ಯವಾಗಿದ್ದ ನಾಲ್ಕೈದು ವರ್ಷಗಳ ಕಾಲದ ಮಾತು. ನಾಪೋಕ್ಲಿನಿಂದ ಎರಡು ಮೈಲಿ ಆಚೆ ಒಂದು ಸಣ್ಣ ಕಾಫಿ ತೋಟವಿತ್ತು. ತೋಟದ ಯಜಮಾನ ಬೋಜಪ್ಪ. ತೋಟ ನಡೆಸುತ್ತಿದ್ದವಳು ಅವನ ಅಕ್ಕ ಸುಮಿತ್ರಮ್ಮ.

ಗಂಡ ತೀರಿಕೊಂಡ ಮೇಲೆ ತವರಿಗೆ ಬಂದಿದ್ದ ಸುಮಿತ್ರಮ್ಮ, ತಮ್ಮನು ತೋಟದ ಕಡೆ ಕಾಲಿಡುವುದಿಲ್ಲ ಎಂಬುದನ್ನು ಒಂದೇ ವಾರದಲ್ಲಿ ಕಂಡುಕೊಂಡಳು. ಅವನ ಮನಸ್ಸೆಲ್ಲ ಇಂಗ್ಲೆಂಡಿನ ಕುದುರೆಗಳ ಹಿಂದೆ ಓಡುತ್ತಿತ್ತು. ಏಪ್ರಿಲಿನಲ್ಲಿ ಬೇಲಿ ಹಾರುವ ಓಟ, ಜೂನಿನಲ್ಲಿ ಡರ್ಬಿ, ಅಕ್ಟೋಬರಿನಲ್ಲಿ ಪ್ಯಾರಿಸ್ಸಿನದು, ನವೆಂಬರಿನಲ್ಲಿ ಆಸ್ಟ್ರೇಲಿಯಾದ್ದು. ಅವನ ಪಂಚಾಂಗದಲ್ಲಿ ಬೇರೆ ಹಬ್ಬ ಇರಲಿಲ್ಲ. ಊರು ಬಿಟ್ಟುಹೋದ ಯಾವನೋ ಇಂಗ್ಲಿಷ್ ದೊರೆಯಿಂದ ಕೊಂಡ ಹಳೆಯ ಕುದುರೆ ಪತ್ರಿಕೆಗಳನ್ನು ಓದಿ ಓದಿ, ಯಾವ ಕುದುರೆ ಯಾವ ಹೆಣ್ಣುಕುದುರೆಯ ಹೊಟ್ಟೆಯಲ್ಲಿ ಹುಟ್ಟಿತು ಎಂದು ಐದು ತಲೆಮಾರು ಹೇಳುತ್ತಿದ್ದ. ಸ್ವಂತ ಅಜ್ಜಿಯ ತವರು ಯಾವುದೆಂದು ಕೇಳಿದರೆ ತಲೆ ಕೆರೆದುಕೊಳ್ಳುತ್ತಿದ್ದ. ಹೆಣ್ಣು ನೋಡಲು ಹೋದ ಕಡೆ ಹುಡುಗಿಯ ಹೆಜ್ಜೆ ನೋಡಿ “ಮುಂಗಾಲು ಸ್ವಲ್ಪ ಗಿಡ್ಡ” ಎಂದುಬಿಟ್ಟಿದ್ದರಿಂದ ಆ ಸಂಬಂಧ ಮುರಿದುಬಿತ್ತು. ನಲವತ್ತೆರಡಾದರೂ ಮದುವೆಯಾಗಿರಲಿಲ್ಲ.

ಇಷ್ಟೆಲ್ಲ ತಿಳಿದವನು ಕಾಫಿ ಮೂಟೆ ಹೊರುವ ತಟ್ಟುಕುದುರೆಯ ಹತ್ತಿರ ಹೋಗಲು ಹೆದರುತ್ತಿದ್ದ. ಅದು ಕಿವಿ ಹಿಂದಕ್ಕೆ ಹಾಕಿದರೆ ಇವನು ಜಗಲಿ ಹತ್ತಿ ನಿಲ್ಲುತ್ತಿದ್ದ.

ಆ ವರ್ಷ ಡರ್ಬಿಗೆ ಬೋಜಪ್ಪ ಹಿಡಿದ ಕುದುರೆಯ ಹೆಸರು ಸಿಲ್ವರ್ ಬೆಲ್. ಪಕ್ಕದ ತೋಟದ ಮಾಯಿಲಪ್ಪ ಬೇರೊಂದನ್ನು ಹಿಡಿದ. ಸಂತೆಯ ದಿನ ಹತ್ತು ಜನರ ಎದುರು ಮಾತಿಗೆ ಮಾತು ಬೆಳೆದು, ಡರ್ಬಿ ಗೆದ್ದ ಕುದುರೆಯವನಿಗೆ ಎಂದು ಮಾಯಿಲಪ್ಪ ತನ್ನ ಹಾಲು ಕರೆಯುವ ಕೆಂದ ಹಸುವನ್ನು ಕರುವಿನ ಸಮೇತ ಪಣಕ್ಕಿಟ್ಟ. ಬೋಜಪ್ಪ ಓಟ ಕೇಳಲೆಂದೇ ಕೊಂಡಿದ್ದ ರೇಡಿಯೋವನ್ನೇ ಇಟ್ಟ.

“ಹಸು ಹಾಲು ಕೊಡ್ತದೆ. ನಿನ್ನ ಪೆಟ್ಟಿಗೆ ಎಂಥ ಕೊಡ್ತದೆ?” ಎಂದು ಸುಮಿತ್ರಮ್ಮ ಕೇಳಿದಳು.

“ನಿಂಗೆ ಇದೆಲ್ಲ ಅರ್ಥ ಆಗುದಿಲ್ಲೆ ಅಕ್ಕ.”

“ಅರ್ಥ ಆಗದಿದ್ದದ್ದಕ್ಕೇ ಈ ಮನೇಲಿ ಮೂರು ಹೊತ್ತು ಅನ್ನ ಬೇಯ್ತಾ ಉಂಟು.”

ಡರ್ಬಿಯ ದಿನ ಸಂಜೆ ಏಳಕ್ಕೇ ಜಗಲಿ ತುಂಬಿತು. ಮಾಯಿಲಪ್ಪ ಬಂದ, ಮುದುಕ ಮೊಣ್ಣಪ್ಪ ಬಂದ, ಬಿಡುವಿದ್ದವರೆಲ್ಲ ಬಂದರು. ಇಂಗ್ಲಿಷ್ ಬಲ್ಲವನು ಬೋಜಪ್ಪ ಒಬ್ಬನೇ. ಬ್ಯಾಟರಿ ರೇಡಿಯೋ ಒಳಕೋಣೆಯಲ್ಲಿತ್ತು. ಅವನು ಬಾಗಿಲಲ್ಲಿ ನಿಂತು, ಒಂದು ಕಿವಿ ಒಳಗೆ ಕೊಟ್ಟು, ಕೇಳಿದ್ದನ್ನು ಹೊರಗಿನವರಿಗೆ ಹೇಳುವುದೆಂದಾಯಿತು. ಸುಮಿತ್ರಮ್ಮ ಒಳಗೆ ಅದೇ ರೇಡಿಯೋ ಪಕ್ಕ ಕೂತು ಅಡಿಕೆ ಕತ್ತರಿಸುತ್ತಿದ್ದಳು.

ಓಟ ಶುರುವಾಯಿತು. ಪೆಟ್ಟಿಗೆಯೊಳಗಿನ ದೊರೆ ಮೂಗಿನಲ್ಲಿ ಮಾತಾಡಿದ, ಬೋಜಪ್ಪ ಗಂಟಲಿನಲ್ಲಿ. ಕುದುರೆಗಳು ದಿಣ್ಣೆ ಹತ್ತಿದವು. ಸಿಲ್ವರ್ ಬೆಲ್ ಆರನೆಯದು. ದಿಣ್ಣೆ ಇಳಿದು ದೊಡ್ಡ ತಿರುವಿಗೆ ಬರುವಾಗ ಜಗಲಿಯಲ್ಲಿ ಗದ್ದಲವೆದ್ದಿತು. ಅಷ್ಟರಲ್ಲಿ ರೇಡಿಯೋ ಎರಡು ಸಲ ಗೊರಗುಟ್ಟಿ ಸತ್ತುಹೋಯಿತು.

ಅಡಿಕೆಕತ್ತರಿ ಹಿಡಿದ ಸುಮಿತ್ರಮ್ಮನ ಕೈ ನಿಂತಿತು. ಬೋಜಪ್ಪ ತಿರುಗಿ ನೋಡಿದ. ಅಕ್ಕ ತಮ್ಮನ ಕಣ್ಣು ಸೇರಿದವು. ಅವನು ಹೊರಗೆ ಮುಖ ಮಾಡಿ, ಮೊದಲಿಗಿಂತ ಜೋರಾಗಿ, “ತಿರುವು ದಾಟಿತು! ಐದನೇದು, ಈಗ ನಾಲ್ಕನೇದು” ಎಂದ.

ಆ ಮೇಲಿನ ಓಟವನ್ನು ಬೋಜಪ್ಪನೇ ಓಡಿಸಿದ. ಮುಂದಿದ್ದ ಎರಡು ಕುದುರೆಗಳನ್ನು ಬೇಲಿಗೆ ಒತ್ತಿದ. ಮಾಯಿಲಪ್ಪನ ಕುದುರೆಯನ್ನು ಕತ್ತಿನಳತೆ ಮುಂದೆ ಬಿಟ್ಟು ಎಲ್ಲರ ಉಸಿರು ಹಿಡಿಸಿದ. ಸವಾರನ ಚಾವಟಿ ಎತ್ತಿಸಿದ, ಇಳಿಸಲಿಲ್ಲ. ಕೊನೆಗೆ ಸಿಲ್ವರ್ ಬೆಲ್ಲನ್ನು ಮೂಗಿನಳತೆಯಲ್ಲಿ ಗೆಲ್ಲಿಸಿ ಬಾಗಿಲ ಚೌಕಟ್ಟಿಗೆ ಒರಗಿದ. ಮೈಯೆಲ್ಲ ಬೆವರು. ಮೊಣ್ಣಪ್ಪ ಎದ್ದು ಬಂದು ಅವನ ಕೈ ಹಿಡಿದುಕೊಂಡ. ಮಾಯಿಲಪ್ಪ ಟೋಪಿ ಹಾಕಿಕೊಂಡು ಹೋದ.

ಎಲ್ಲರೂ ಹೋದ ಮೇಲೆ ಸುಮಿತ್ರಮ್ಮ ಕೇಳಿದಳು: “ಸುಳ್ಳು ಹೇಳಿ ಹಸು ಹೊಡ್ಕೊಂಡ್ಯಾ?”

“ಸುಳ್ಳು ಅಂತ ಹೇಗೆ ಹೇಳ್ತೆ? ಗೆದ್ದಿರ್ಲಿಕ್ಕೂ ಸಾಕು. ಪೇಪರ್ ಬರಲಿ.”

ಪೇಪರ್ ಬರುವುದಕ್ಕೆ ಮೊದಲೇ ಹಸು ಬಂತು. ಮರುದಿನ ಬೆಳಿಗ್ಗೆ ಮಾಯಿಲಪ್ಪನ ಮನೆಯ ಆಳು ದೊಡ್ಡಿ ಎಂಬವಳು ಅದನ್ನು ಕರುವಿನ ಜೊತೆ ಅಂಗಳದಲ್ಲಿ ಕಟ್ಟಿ ಹೋದಳು. ಬೋಜಪ್ಪ ದೂರದಿಂದಲೇ ನೋಡಿ “ಒಳ್ಳೆ ಹಸು” ಎಂದ. ಸುಮಿತ್ರಮ್ಮ ಅದರ ಕೆಚ್ಚಲು ಮುಟ್ಟಲಿಲ್ಲ. ಹಗ್ಗ ಬಿಚ್ಚಿ, ತಾನೇ ಹಿಡಿದುಕೊಂಡು, ಗದ್ದೆಯ ಬದುವಿನ ಮೇಲೆ ನಡೆದು ಮಾಯಿಲಪ್ಪನ ಮನೆಗೆ ಹೋದಳು. ದಾರಿಯುದ್ದಕ್ಕೂ ಅವಳಿಗೆ ನಾಚಿಕೆಯಿಂದ ಮುಖ ಸುಡುತ್ತಿತ್ತು.

“ರೇಡಿಯೋ ಅರ್ಧಕ್ಕೇ ನಿಂತಿತ್ತು. ನಿನ್ನ ಹಸು ನೀ ಕಟ್ಕೊ” ಎಂದಳು.

ಮಾಯಿಲಪ್ಪ ಕರುವಿನ ಕತ್ತು ತುರಿಸಿದ. “ನಂಗೆ ಗೊತ್ತಿತ್ತ್ ಅಕ್ಕ. ನಾ ಕಿಟಕಿ ಪಕ್ಕ ಕೂತಿದ್ದದ್ದಲ್ಲ? ಪೆಟ್ಟಿಗೆ ಸುಮ್ಮನಾದ್ದು ಕೇಳಿಸ್ತು.”

“ಮತ್ತೆ ಹಸು ಯಾಕೆ ಕಳಿಸಿದ್ದು?”

“ಎಂಥ ಹೇಳ್ದು? ಅವ ಹಾಗೆ ಓಡಿಸುವಾಗ ನಡುವೆ ಬಾಯಿ ಹಾಕ್ಲಿಕ್ಕೆ ಮನಸ್ಸು ಬರ್ಲಿಲ್ಲೆ. ನನ್ನ ಕುದುರೆ ಸೋತದ್ದು ನನ್ನ ಕಣ್ಣಿಗೇ ಕಂಡಂಗಾಯ್ತು.”

ತಮ್ಮನೊಬ್ಬ ಸಾಲದೆಂದು ದೇವರು ಪಕ್ಕದ ಮನೆಯಲ್ಲೂ ಒಬ್ಬನನ್ನು ಇಟ್ಟಿದ್ದಾನೆ ಅನ್ನಿಸಿತು ಅವಳಿಗೆ. “ಮಳ್ಳಂಗೆ ಮಳ್ಳ ಸಾಕ್ಷಿ” ಎಂದು ಹಗ್ಗವನ್ನು ಅವನ ಕೈಗೆ ಹಾಕಿ ಹಿಂದಿರುಗಿದಳು.

ಶನಿವಾರದ ಬಸ್ಸಿನಲ್ಲಿ ಮದರಾಸಿನ ಪೇಪರ್ ಬಂತು. ಓಟದ ಸುದ್ದಿ ನಾಲ್ಕೇ ಸಾಲು. ಸಿಲ್ವರ್ ಬೆಲ್ ಎಲ್ಲೋ ಹಿಂದೆ ಉಳಿದಿತ್ತು, ಮಾಯಿಲಪ್ಪನದು ಅದಕ್ಕೂ ಹಿಂದೆ. ಗೆದ್ದ ಕುದುರೆಯ ಹೆಸರನ್ನು ಇಬ್ಬರೂ ಒಂದು ದಿನವೂ ಎತ್ತಿರಲಿಲ್ಲ.

“ನಾಳೆ ಎಲ್ಲರನ್ನೂ ಕರಿ,” ಎಂದಳು ಸುಮಿತ್ರಮ್ಮ. “ನಡೆದದ್ದನ್ನ ನೀನೇ ಹೇಳ್. ಇಲ್ಲದ್ರೆ ನಾ ಹೇಳ್ತೇನೆ.”

ಭಾನುವಾರ ಅದೇ ಜನ ಅದೇ ಜಗಲಿಯಲ್ಲಿ ಕೂತರು. ಬೋಜಪ್ಪ ತಲೆ ತಗ್ಗಿಸಿ ಎಲ್ಲವನ್ನೂ ಹೇಳಿ, ಪೇಪರಿನ ನಾಲ್ಕು ಸಾಲು ಓದಿದ. ಸುಮಿತ್ರಮ್ಮ ಅಡಿಗೆಮನೆಯ ಬಾಗಿಲಲ್ಲಿ ನಿಂತು ಕಾದಳು. ಯಾರಾದರೂ ಉಗಿಯಲಿ, ಕೈ ಎತ್ತಿದರೂ ಅಡ್ಡ ಬರುವುದಿಲ್ಲ ಎಂದು ನಿಶ್ಚಯಿಸಿಕೊಂಡಿದ್ದಳು.

ಯಾರೂ ಉಗಿಯಲಿಲ್ಲ. ಮೊಣ್ಣಪ್ಪ ಕೆಮ್ಮಿದ.

“ಆತು, ಸೋತಿತು. ಹೇಗೆ ಸೋತಿತು? ಪೇಪರಿನವ ಅದನ್ನ ಬರೀಲೇ ಇಲ್ಲೆಯಲ್ಲ.”

“ನಾಲ್ಕು ಸಾಲಲ್ಲಿ ಎಂಥ ಗೊತ್ತಾಗ್ತದೆ?” ಎಂದ ಮಾಯಿಲಪ್ಪ. “ತಿರುವಿನವರೆಗೆ ಸರಿಯಾಗೇ ಬಂದಿತ್ತಲ್ಲ.”

ಬೋಜಪ್ಪ ನಿಧಾನವಾಗಿ ತಲೆ ಎತ್ತಿದ. “ತಿರುವಲ್ಲಿ ನೆಲ ಮೆತ್ತಗಿತ್ತು,” ಎಂದ. “ಸವಾರನ ಎಡಗಾಲು ಜೀನಿನ ರಿಕಾಪಿನಿಂದ ಜಾರಿತು...”

ಜನ ಮುಂದಕ್ಕೆ ಸರಿದು ಕೂತರು. ಮೊಣ್ಣಪ್ಪ ಕಿವಿಗೆ ಕೈ ಒಡ್ಡಿದ. ಬೋಜಪ್ಪನ ಸ್ವರ ಗಟ್ಟಿಯಾಗುತ್ತ ಹೋಯಿತು. ಸವಾರ ಮತ್ತೆ ಕಾಲು ಸಿಕ್ಕಿಸಿಕೊಳ್ಳಲು ಒದ್ದಾಡುತ್ತಿದ್ದ. ಯಾರೋ ಜಗಲಿಯಿಂದ “ಅಕ್ಕ, ಒಂದಿಷ್ಟು ಕಾಫಿ” ಎಂದು ಕೂಗಿದರು.

ಸುಮಿತ್ರಮ್ಮ ಒಲೆಯ ಮೇಲೆ ಕುದಿಯುತ್ತಿದ್ದ ಕಾಫಿಯನ್ನು ಇಳಿಸಿದಳು. ತನಗೊಂದು ಲೋಟ ಬಗ್ಗಿಸಿಕೊಂಡಳು. ಉಳಿದದ್ದನ್ನು ಹಿತ್ತಲಿಗೆ ಒಯ್ದು ಬಾಳೆಯ ಬುಡಕ್ಕೆ ಸುರಿದು, ಅಲ್ಲೇ ಕಲ್ಲಿನ ಮೇಲೆ ಕೂತು, ಬಿಸಿಬಿಸಿಯಾಗಿ ಕುಡಿದಳು.